ಸಿದ್ದರಾಜಣ್ಣನ ಗೇರು ತಪ್ಪಿರಲಿಲ್ಲ

ಆ ಶಾಲಾ ವ್ಯಾನಿನ ಎಂಜಿನ್ ಹಾಳಾದದ್ದು ನನ್ನ ಕೈಯಿಂದ. ಡ್ರೈವರ್ ಸಿದ್ದರಾಜಣ್ಣನಿಂದ ಅಲ್ಲ. ಎಂಜಿನ್ನಿನ ಮುಚ್ಚಳ ಬಿಚ್ಚಿದ ಕಾಲು ಗಂಟೆಯಲ್ಲೇ ನನಗಿದು ಗೊತ್ತಾಗಿತ್ತು. ಗೊತ್ತಿದ್ದೂ, ಏಳೆಂಟು ಜನರ ಎದುರು ನಿಂತು, ತಪ್ಪು ಅವನದೆಂದು ಹೇಳಿದೆ. ಹೇಳಿ ಹನ್ನೊಂದು ವರ್ಷವಾಯಿತು.

ಬಿಡದಿಯ ಕಾರ್ಖಾನೆಯೊಂದರಲ್ಲಿ ಎಂಜಿನ್ ಜೋಡಿಸುವ ಕೆಲಸ ಬಿಟ್ಟು ಕುದೂರಿನಲ್ಲಿ ನನ್ನದೇ ಗ್ಯಾರೇಜು ತೆರೆದ ಹೊಸತು. ಊರಿನ ಖಾಸಗಿ ಶಾಲೆಯೊಂದರ ಮೂರು ವ್ಯಾನುಗಳು ನನ್ನ ಹತ್ತಿರ ಬರುತ್ತಿದ್ದವು. ಅದರಲ್ಲೊಂದನ್ನು ಓಡಿಸುತ್ತಿದ್ದವನು ಸಿದ್ದರಾಜಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ಮಕ್ಕಳೆಲ್ಲ ಸರಿಯಾಗಿ ಕೂತರೇ ಎಂದು ತಿರುಗಿ ನೋಡದೆ ವ್ಯಾನು ಕದಲಿಸುತ್ತಿರಲಿಲ್ಲ. ಅವನ ಮಗಳು ಪವಿತ್ರಳೂ ಅದೇ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದಳು, ಆಗ ಐದನೇ ಕ್ಲಾಸು.

ಆ ವ್ಯಾನಿಗೆ ನಾನು ಹೊಸ ಟೈಮಿಂಗ್ ಬೆಲ್ಟ್ ಹಾಕಿದ್ದೆ. ಎಂಜಿನ್ನಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ, ಅದರ ನೆತ್ತಿಯ ಮೇಲೆ ವಾಲ್ವುಗಳು ತೆರೆದು ಮುಚ್ಚುತ್ತವೆ. ಒಂದರ ದಾರಿಗೆ ಇನ್ನೊಂದು ಬಾರದಂತೆ ಕಾಯುವುದು ಈ ಬೆಲ್ಟು. ಅದು ಸಡಿಲವಾಗದಂತೆ ಒತ್ತಿ ಹಿಡಿಯುವ ಒಂದು ಟೆನ್ಷನರ್ ಗಾಲಿ ಇರುತ್ತದೆ. ಅವತ್ತು ಬೆಲ್ಟು ಕೂರಬೇಕಾದ ಗುರುತುಗಳನ್ನೆಲ್ಲ ಕೂಡಿಸಿದೆ, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದೆ. ಉಳಿದದ್ದು ಆ ಗಾಲಿಯ ಬೋಲ್ಟನ್ನು ಬಿಗಿ ಮಾಡುವುದು. ಅಷ್ಟರಲ್ಲಿ ಫೋನು ಬಂತು. ಯಾರದೋ ಮದುವೆಯ ಮಾತು, ನಗು — ಮಾತಾಡುತ್ತಲೇ ಮುಚ್ಚಳ ಹಾಕಿಬಿಟ್ಟೆ. ಬೋಲ್ಟು ಬೆರಳಿನ ಬಿಗಿಯಲ್ಲೇ ಉಳಿಯಿತು.

ಮೂರು ವಾರಕ್ಕೆ ಮಾಗಡಿ ರಸ್ತೆಯ ಇಳಿಜಾರಿನಲ್ಲಿ ವ್ಯಾನು ನಿಂತಿತು. ಒಳಗೆ ಹತ್ತೊಂಬತ್ತು ಮಕ್ಕಳು. ಎಂಜಿನ್ ಸತ್ತ ಮೇಲೆ ಬ್ರೇಕು ಕಲ್ಲಿನಂತಾಗುತ್ತದೆ, ಸ್ಟೇರಿಂಗು ಸುಲಭಕ್ಕೆ ತಿರುಗುವುದಿಲ್ಲ. ಆದರೂ ಸಿದ್ದರಾಜಣ್ಣ ಅದನ್ನು ಹೇಗೋ ಎಡಕ್ಕೆಳೆದು ಒಂದು ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಒಂದು ಮಗುವಿಗೂ ಗಾಯವಾಗಲಿಲ್ಲ. ಅವನನ್ನು ಹೊಗಳಬೇಕಾಗಿದ್ದ ದಿನ ಅದು.

ಟ್ರ್ಯಾಕ್ಟರಿಗೆ ಕಟ್ಟಿ ವ್ಯಾನನ್ನು ಗ್ಯಾರೇಜಿಗೆ ತಂದರು. ಕೀ ತಿರುಗಿಸಿದೆ. ಎಂಜಿನ್ನು ಭಾರವೇ ಇಲ್ಲದಂತೆ ಗಿರ್ರೆಂದು ತಿರುಗಿತು, ಒಳಗೆ ಒತ್ತಡವೇ ಇಲ್ಲ. ಮುಚ್ಚಳ ಬಿಚ್ಚಿದೆ. ಬೆಲ್ಟು ಹರಿದಿರಲಿಲ್ಲ, ಸಡಿಲಾಗಿ ಹಲ್ಲು ಜಾರಿತ್ತು. ಟೆನ್ಷನರ್ ಬೋಲ್ಟಿಗೆ ಬೆರಳು ತಾಗಿಸಿದೆ — ತಿರುಗಿತು.

ವಾಲ್ವುಗಳು ಕೂರುವ ಸಿಲಿಂಡರ್ ಹೆಡ್ ಎತ್ತಿ ನೋಡುವ ಮೊದಲೇ ಒಳಗೇನಾಗಿದೆ ಎಂದು ತಿಳಿದಿತ್ತು. ವಾಲ್ವುಗಳು ಬಾಗಿದ್ದವು. ನಾಲ್ಕೂ ಪಿಸ್ಟನ್ನುಗಳ ನೆತ್ತಿಯ ಮೇಲೆ ಉಗುರಿನಿಂದ ಚುಚ್ಚಿದಂತೆ ಅರ್ಧಚಂದ್ರದ ಗುರುತು.

ಹೊರಗೆ ಶಾಲೆಯ ಸೆಕ್ರೆಟರಿ ನಿಂತಿದ್ದರು. ಉಳಿದ ಇಬ್ಬರು ಡ್ರೈವರುಗಳು, ನಾಲ್ಕೈದು ಜನ ತಂದೆತಾಯಂದಿರು, ಎಲ್ಲರಿಗೂ ಗಾಬರಿ ಇನ್ನೂ ಇಳಿದಿರಲಿಲ್ಲ.

"ಏನಾಗೈತಪ್ಪಾ ರಮೇಶ? ಮೊನ್ನೆ ತಾನೇ ನೀನೇ ಕೆಲ್ಸ ಮಾಡಿದ್ದೆ" ಎಂದರು ಸೆಕ್ರೆಟರಿ.

ಆ ಕ್ಷಣದಲ್ಲಿ — ಇಲ್ಲ, ಕ್ಷಣವೆಂದರೆ ಅದೂ ಸುಳ್ಳಾಗುತ್ತದೆ. ಕೈ ಒರೆಸಿಕೊಳ್ಳುತ್ತಾ ಸಾಕಷ್ಟು ಹೊತ್ತು ಯೋಚಿಸಿದೆ. ಯೋಚಿಸಿಯೇ ಹೇಳಿದೆ:

"ಇಳಿಜಾರಲ್ಲಿ ಗೇರ್ ತಪ್ಪೈತೆ ಸಾರ್. ಐದರಿಂದ ನಾಕಕ್ಕೆ ಹಾಕೋ ಬದ್ಲು ಎರಡಕ್ಕೆ ಎಳೆದ್ಬುಟ್ಟವ್ನೆ. ಎಂಜಿನ್ ಒಂದೇ ಸಲ ಎಗರಿ ವಾಲ್ವೆಲ್ಲಾ ಹೊಡ್ಕೊಂಡೈತೆ."

ಹಾಗಾಗುವುದು ಸಾಧ್ಯವಿತ್ತು. ಅದಕ್ಕೇ ಆ ಸುಳ್ಳನ್ನು ಆರಿಸಿಕೊಂಡೆ. ಯಾವ ಮೆಕ್ಯಾನಿಕ್ಕು ಬಂದರೂ ಬಾಗಿದ ವಾಲ್ವು ನೋಡಿ ಹೌದೆನ್ನಬಹುದಾದ ಸುಳ್ಳು.

ಸಿದ್ದರಾಜಣ್ಣ ಜಗಳವಾಡುತ್ತಾನೆಂದುಕೊಂಡಿದ್ದೆ. ಆಡಿದ್ದರೆ ಬಹುಶಃ — ಗೊತ್ತಿಲ್ಲ. ಅವನು ತನ್ನ ಎಡಗೈಯನ್ನೇ ನೋಡಿಕೊಂಡ. "ನಾನು ಗೇರೇ ಮುಟ್ಟಿರ್ನಿಲ್ಲ ಅನ್ಸ್ತದೆ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಮುಟ್ಟಿದ್ನೇನೋ... ರಮೇಸ ಯೋಳ್ತಾವ್ನೆ ಅಂದ್ರೆ ಅಂಗೇ ಇರ್ಬೇಕು."

ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಮುಂದಿನ ನಾಲ್ಕು ದಿನ ನಾನು ಮಾಡಿದಷ್ಟು ಶ್ರದ್ಧೆಯ ಕೆಲಸವನ್ನು ಆಮೇಲೆ ಯಾವತ್ತೂ ಮಾಡಿಲ್ಲ. ಹೆಡ್ಡನ್ನು ಸಮ ಮಾಡಿಸಿದೆ. ಹೊಸ ವಾಲ್ವುಗಳನ್ನು ಒಂದೊಂದಾಗಿ ಅರೆದು ಕೂರಿಸಿದೆ. ಸೀಮೆಎಣ್ಣೆ ಸುರಿದು, ಒಂದು ಹನಿಯೂ ಕೆಳಗಿಳಿಯುವುದಿಲ್ಲವೆಂದು ಕಾದು ನೋಡಿದೆ. ಪಿಸ್ಟನ್ನುಗಳಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿದೆ. ಆ ಬೋಲ್ಟನ್ನಂತೂ ಮೂರು ಸಲ ಅಳತೆಯಿಟ್ಟು ಬಿಗಿದೆ.

ಎರಡನೆಯ ದಿನ ಬೆಳಿಗ್ಗೆ ಸಿದ್ದರಾಜಣ್ಣ ಬಂದ. ಹೆಡ್ಡಿಲ್ಲದ ಆ ವ್ಯಾನಿನ ಸೀಟಿನಲ್ಲಿ ಹೋಗಿ ಕೂತ. ಕ್ಲಚ್ ಒತ್ತುವುದು, ಗೇರು ಹಾಕುವುದು. ಐದರಿಂದ ನಾಲ್ಕು. ಮತ್ತೆ ಐದು, ಮತ್ತೆ ನಾಲ್ಕು. ತನ್ನ ಕೈ ಎಲ್ಲಿ ತಪ್ಪಿರಬಹುದೆಂದು ಹುಡುಕುತ್ತಿದ್ದ. ಅರ್ಧ ಗಂಟೆ. ನಾನು ಬೆನ್ನು ತಿರುಗಿಸಿಕೊಂಡು ವಾಲ್ವು ಅರೆಯುತ್ತಾ ಕೂತಿದ್ದೆ. ಆಗಲಾದರೂ ಎದ್ದು ಹೋಗಿ ಅವನ ಕೈ ಹಿಡಿದುಕೊಳ್ಳಬಹುದಿತ್ತು.

ಕೆಲಸದಿಂದ ಅವನನ್ನು ಯಾರೂ ತೆಗೆಯಲಿಲ್ಲ, ಅವನೇ ಬಿಟ್ಟ. "ಮಕ್ಳ ವಿಸ್ಯ. ನನ್ ಕೈನ ನಂಬೋಕಾಯ್ತಿಲ್ಲ" ಎಂದನಂತೆ. ಆಮೇಲೆ ಸ್ಟೇರಿಂಗು ಮುಟ್ಟಲಿಲ್ಲ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಬಸ್ಸಿನಲ್ಲಿ ಒಯ್ಯುತ್ತಿದ್ದ. ಎಲ್ಲಾದರೂ ಸಿಕ್ಕರೆ ನನಗೆ ಕಾಫಿ ಕೊಡಿಸುತ್ತಿದ್ದ. ನಾನು ಕುಡಿಯುತ್ತಿದ್ದೆ.

ಈ ವರ್ಷ ಪವಿತ್ರ ಗ್ಯಾರೇಜಿಗೆ ಬಂದಳು. ಈಗ ಬಿಡದಿಯಲ್ಲಿ ಕೆಲಸ, ಹಳೆಯ ಕಾರೊಂದನ್ನು ಕೊಂಡಿದ್ದಳು. ಆಯಿಲ್ ಬದಲಾಯಿಸುವಾಗ ಹೇಳಿದಳು:

"ಅಂಕಲ್, ಅಪ್ಪಂಗೆ ನೀವೊಂದ್ಮಾತು ಹೇಳಿ. ಕಾರ್ ಓಡ್ಸಪ್ಪಾ ಅಂದ್ರೆ ಮುಟ್ಟೋದೇ ಇಲ್ಲ. ಕೈ ತಪ್ಪೋದು ಯಾರಿಗಾದ್ರೂ ಆಯ್ತದೆ ಅಂತ ಹೇಳಿ. ನೀವಂದ್ರೆ ಕೇಳ್ತಾರೆ."

ಸರಿಯಮ್ಮ ಎಂದೆ. ಭಾನುವಾರ ಅವರ ಮನೆಗೆ ಹೋದೆ.

ಸಿದ್ದರಾಜಣ್ಣ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಪವಿತ್ರ ಬಾಗಿಲಲ್ಲಿ ನಿಂತಿದ್ದಳು. ಕೂರದೆಯೇ ಹೇಳಿದೆ. ಬೋಲ್ಟು, ಫೋನು, ಸುಳ್ಳು, ಎಲ್ಲ. ಕೊನೆಗೆ, "ನಿನ್ ಗೇರ್ ತಪ್ಪಿರ್ಲಿಲ್ಲ ಕಣಣ್ಣಾ" ಎಂದೆ.

ಅವನು ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆಲ್ಲ ಹರಡಿ ಮುಗಿಸಿದ. ಆಮೇಲೆ ಕೇಳಿದ: "ಅವತ್ತೇ ಗೊತ್ತಿತ್ತೇನ್ಲಾ?"

"ಗೊತ್ತಿತ್ತು."

"ಹನ್ನೊಂದು ವರ್ಸ ಕಣ್ಲಾ" ಎಂದ. ಬಯ್ಯಲಿಲ್ಲ. ಇನ್ನೊಂದು ತಟ್ಟೆ ಎಳೆದುಕೊಂಡು, "ಎರಡ್ ವರ್ಸ ಮೊದ್ಲು ಯೋಳಿದ್ರೂ..." ಎಂದು ನಿಲ್ಲಿಸಿದ.

ಪವಿತ್ರ ಒಳಗೆ ಹೋಗಿ ಕಾರಿನ ಕೀ ತಂದು ಅಪ್ಪನ ಮುಂದೆ ಹಿಡಿದಳು. ಅವನು ತಲೆಯಾಡಿಸಿದ. "ಈಗ್ ಬ್ಯಾಡ ಮಗಾ. ಸಕ್ರೆ ಕಾಯ್ಲೆ ಕಣ್ಣಿಗಿಳಿದೈತೆ. ಎದ್ರುಗಡೆ ಬರೋ ಗಾಡಿ ಮಂಜ್ಮಂಜು."

ಅವನ ಕಣ್ಣು ಹೋಗುತ್ತಿರುವುದು ನನಗೆ ಗೊತ್ತಿರಲಿಲ್ಲ. ಮಗಳಿಗೂ ಅವನು ಹೇಳಿರಲಿಲ್ಲವೆಂದು ಅವಳ ಮುಖ ನೋಡಿ ತಿಳಿಯಿತು.

ಹೊರಡುವಾಗ ಅವನು ಹಿಂದಿನಿಂದ ಹೇಳಿದ್ದು ಒಂದೇ ಮಾತು: "ಅವತ್ತು ಯಾರ್ಯಾರ್ ಮುಂದೆ ಯೋಳಿದ್ಯೋ ಅವ್ರ್ ಮುಂದೆಲ್ಲಾ ಹೋಗಿ ಯೋಳು."

ಹೋಗುತ್ತಿದ್ದೇನೆ. ಸೆಕ್ರೆಟರಿಯವರಿಗೆ ಹೇಳಿದೆ. "ಹಳೇ ಕತೆ, ಬಿಡಪ್ಪಾ" ಎಂದರು. ಬಿಡಲಿಲ್ಲ, ಅವರಿಂದಲೇ ಸಿದ್ದರಾಜಣ್ಣನಿಗೆ ಫೋನು ಮಾಡಿಸಿದೆ. ಇಬ್ಬರು ಡ್ರೈವರುಗಳಲ್ಲಿ ಒಬ್ಬ ಈಗ ಚನ್ನಪಟ್ಟಣದಲ್ಲಿದ್ದಾನೆ. ಅವನು ಮಾತು ಮುಗಿಯುವ ಮೊದಲೇ ನನ್ನನ್ನು ಅಂಗಳದಿಂದ ಆಚೆ ಕಳಿಸಿದ. ಸರಿಯಾಗಿಯೇ ಮಾಡಿದ. ಆಗಿದ್ದ ತಂದೆತಾಯಂದಿರಲ್ಲಿ ಮೂವರು ಸಿಕ್ಕರು. ಒಬ್ಬರು ಎಲ್ಲಿದ್ದಾರೋ ತಿಳಿಯದು, ಇದನ್ನು ಬರೆದದ್ದು ಅವರ ಕಣ್ಣಿಗೆ ಬೀಳಲೆಂದೂ ಹೌದು.

ಇನ್ನೊಬ್ಬ ಡ್ರೈವರು ಕೆಂಪಯ್ಯ ಹೋದ ವರ್ಷ ತೀರಿಕೊಂಡ. ಸಿದ್ದರಾಜಣ್ಣನ ಜೊತೆಯಲ್ಲೇ ಓದಿ ಬೆಳೆದವನು. ಗೆಳೆಯನ ಕೈ ತಪ್ಪಿತ್ತೆಂದೇ ನಂಬಿಕೊಂಡು ಹೋದ. ಅವನಿಗೆ ಹೇಳಲು ನನಗೆ ದಾರಿಯಿಲ್ಲ.