ಹೊಸದೆಂದು ನಾನು ಹೇಳಿದ ಪದಕ

ಇದನ್ನು ಹೇಳಬೇಕೆಂದು ಕೂತು, ಹೇಳದೆ ಎದ್ದದ್ದು ಎಷ್ಟು ಸಲವೋ. ಕಣ್ಣಿನ ಆಪರೇಷನ್ ಆಗಲಿ ಅಂದೆ, ಆಮೇಲೆ ರಂಜಾನ್ ಕಳೆಯಲಿ ಅಂದೆ. ನೆಪಗಳು ಖಾಲಿಯಾಗಿವೆ. ಈಗ ಹೇಳುತ್ತೇನೆ. ಉಗಿಯುವವರು ಉಗಿಯಲಿ.

ನಾನು ಹೈಸ್ಕೂಲು ಮುಗಿಸಿ ಅಪ್ಪನ ಜೊತೆ ಕಂಚಿನ ಕೆಲಸಕ್ಕೆ ಕೂತವನು. ಬಹ್ರೈನಿಗೆ ಬಂದದ್ದು ವರ್ಕ್‌ಶಾಪಿಗೆ. ವಯಸ್ಸಾದ ಮೇಲೆ ಅಲ್ಲೇ ಅದ್ಲಿಯಾ ಪೇಟೆಯಲ್ಲಿ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮಾಲೀಕರು ನಮ್ಮ ಕರಾವಳಿಯವರೇ. ಜರ್ಮನ್ ಸೇನೆಯ ಬೆಲ್ಟಿನ ಬಕಲು, ಬ್ಯಾಡ್ಜು, ಪದಕಗಳ ಹುಚ್ಚು ಹಿಡಿದ ಗಿರಾಕಿಗಳಿದ್ದಾರೆ ಎಂದು ಗೊತ್ತಾದದ್ದು ಅಲ್ಲಿ. ಪಾರ್ಸಲಿನಲ್ಲಿ ಬಂದ ಹೊಚ್ಚ ಹೊಸ ಬಕಲನ್ನು ಹಿಂದಿನ ಕೋಣೆಯಲ್ಲಿ ನಾನು ಉಪ್ಪುನೀರಿಗೆ ಹಾಕಿ, ಬಿಸಿಲಿಗಿಟ್ಟು ಹಳತು ಮಾಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮಾಲೀಕರು ಅದಕ್ಕೊಬ್ಬ ಅಜ್ಜನನ್ನು ಹುಟ್ಟಿಸುತ್ತಿದ್ದರು.

"ಸೈನಿಕನಾಗಿದ್ದ ಅಜ್ಜನ ಸ್ವಂತ ಪೆಟ್ಟಿಗೆಯಿಂದ ಬಂದದ್ದು ಸಾರ್. ಮನೆಯವರು ಅಳ್ತಾ ಕೊಟ್ಟದ್ದು."

ಹೌದು, ಮೋಸ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಹೇಗೆ ಹಿಡಿಯಬೇಕೆಂದೂ ಹೇಳುತ್ತೇನೆ, ಮಾಲೀಕರಿಗೆ ಸಿಟ್ಟು ಬಂದರೆ ಬರಲಿ. ಮಾರುವವನು ಅಜ್ಜನ ಕಥೆ ಶುರು ಮಾಡಿದರೆ ನೀವು ಸಾಮಾನನ್ನು ತಿರುಗಿಸಿ ಬೆನ್ನು ನೋಡಿ. ಅಚ್ಚೊತ್ತಿ ಮಾಡಿದ ಅಸಲಿನ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು, ಬದಿಯಲ್ಲಿ ಅರದಿಂದ ಉಜ್ಜಿದ ಗೀರುಗಳು. ತುಕ್ಕು ಎದ್ದು ಕಾಣುವ ಕಡೆ ಮಾತ್ರ ಇದ್ದು ಸಂದಿಯಲ್ಲಿ ಇಲ್ಲದಿದ್ದರೆ ಅದು ನನ್ನಂಥವನ ಕೈಕೆಲಸ. ಸರ್ಟಿಫಿಕೇಟು ಕೊಟ್ಟರೆ ಬರೆದವರು ಯಾರೆಂದು ಕೇಳಿ. ನಮ್ಮಲ್ಲಿ ಮಾಲೀಕರೇ ಟೈಪ್ ಮಾಡಿ ಪ್ರಿಂಟ್ ತೆಗೆಯುತ್ತಿದ್ದರು. ಶಿಲುಬೆಯಾಕಾರದ ಪದಕವಾದರೆ, ಅಸಲಿನಲ್ಲಿ ಸಾಮಾನ್ಯವಾಗಿ ನಡುವೆ ಕಪ್ಪು ಬಣ್ಣದ ಕಬ್ಬಿಣ, ಸುತ್ತ ಬೆಳ್ಳಿಯ ಅಂಚು. ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಒಂದೇ ಎರಕದ ನಕಲಿಗೆ ಹೆಚ್ಚಾಗಿ ಅಂಟುವುದಿಲ್ಲ.

ಬೇರೆ ಕಡೆ ಕೊಂಡವರೂ ತಂದು ನನಗೆ ತೋರಿಸತೊಡಗಿದರು. ನಾನು ಹಳೆಯದು ಅಂದರೆ ಹಳೆಯದು, ಹೊಸದು ಅಂದರೆ ಹೊಸದು. ಆ ಗರ್ವ ತಲೆಗೇರಿತ್ತು.

ನಾನು ವಾಸವಿದ್ದ ಹೂರಾದಲ್ಲಿ, ನಮ್ಮ ಮೇಲಿನ ಫ್ಲಾಟಿನಲ್ಲಿ ಮಂಗಳೂರು ಕಡೆಯ ಕ್ರೈಸ್ತ ನರ್ಸೊಬ್ಬರಿದ್ದರು. ನಾನು ಬಾಯಮ್ಮ ಅನ್ನುತ್ತಿದ್ದೆ, ಅವರು ನನಗೆ ಆಚಾರ್ರೆ. ಹಾಸಿಗೆ ಹಿಡಿದಿದ್ದ ಜರ್ಮನ್ ಮುದುಕನೊಬ್ಬನನ್ನು ಅವನ ವಿಲ್ಲಾದಲ್ಲೇ ಎರಡು ವರ್ಷ ನೋಡಿಕೊಂಡಿದ್ದರು. ಸಾಯುವ ಮುಂಚೆ ಅವನು ತನ್ನ ಅಪ್ಪನಿಗೆ ಸೇನೆಯಲ್ಲಿ ಸಿಕ್ಕ ಶಿಲುಬೆ ಪದಕವನ್ನು ಅವರ ಕೈಯಲ್ಲಿಟ್ಟ. ಪಿನ್ನು ಮುರಿದಿತ್ತು. ಸರಿಮಾಡಲು ನನ್ನಲ್ಲಿಗೆ ತಂದರು.

ಆಯಸ್ಕಾಂತ ಹಿಡಿದೆ, ಪಟ್ಟೆಂದು ಅಂಟಿತು. ಅಪ್ಪಟ ಅಸಲು.

ನಮ್ಮ ಮನೆಯಲ್ಲಿ ರಿಪೇರಿಗೆ ಬಂದ ದೀಪವನ್ನು ಕೊಳೆಯಾಗಿ ವಾಪಸು ಕೊಡುವ ಕ್ರಮವಿಲ್ಲ. ಬೆಸುಗೆ ಮುಗಿದ ಮೇಲೆ ಹುಣಸೆಹುಳಿ ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ ಫಳಫಳ ಮಾಡಿಯೇ ಕೊಡಬೇಕು. ಪದಕಕ್ಕೆ ಪಿನ್ನು ಬೆಸೆದ ಮೇಲೆ ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತು. ನೋಡುವಾಗ ಹಳೆಯ ಕಪ್ಪು ಬಣ್ಣ ಅರ್ಧ ಎದ್ದು ಹೋಗಿತ್ತು. ಗಾಬರಿಯಲ್ಲಿ ಉಳಿದದ್ದನ್ನೂ ಕೆರೆದು ಹೊಸ ಕಪ್ಪು ಬಳಿದೆ. ಬಾಯಮ್ಮನಿಗೆ ಹೇಳಲಿಲ್ಲ.

"ಅಯ್ಯೋ, ಎಂತ ಹೊಳಪು ಆಚಾರ್ರೆ! ಮದುಮಗನ ಹಾಗೆ ಮಾಡಿದ್ದೀರಿ" ಎಂದು ನಕ್ಕರು.

ಕೆಲವು ತಿಂಗಳ ಮೇಲೆ ಮುದುಕನ ಮಗಳು ಜರ್ಮನಿಯಿಂದ ಬಂದಳು. ಅಜ್ಜನ ಪದಕವನ್ನು ಒಮ್ಮೆ ನೋಡಬೇಕೆಂದಳಂತೆ. ಕಂಡದ್ದೇ ಮುಖ ಬದಲಾಯಿತು. ತಾನು ಸಣ್ಣವಳಿದ್ದಾಗ ಕಂಡದ್ದು ಇದಲ್ಲ, ಅಸಲನ್ನು ಇಟ್ಟುಕೊಂಡು ನಕಲು ತೋರಿಸುತ್ತಿದ್ದೀಯ ಎಂದಳು. ಬಾಯಮ್ಮ ಧೈರ್ಯದಿಂದಲೇ ಅವಳನ್ನು ನಮ್ಮ ಅಂಗಡಿಗೆ ಕರೆತಂದರು, ನಾನಿದ್ದೇನೆಂದು.

ಮಾಲೀಕರೂ ಇಬ್ಬರು ಗಿರಾಕಿಗಳೂ ನೋಡುತ್ತಿದ್ದರು. ಮಗಳು ಪದಕವನ್ನು ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ, ಇದು ಹಳೆಯದೋ ಹೊಸದೋ ಎಂದು ಕೇಳಿದಳು. ಹೊಸ ಬಣ್ಣ, ಹೊಸ ಬೆಸುಗೆ, ಎರಡೂ ನನ್ನವೇ. ಡ್ರಾಯರಿನಲ್ಲಿ ಆಯಸ್ಕಾಂತವಿತ್ತು. ಕೈ ಅಲ್ಲಿಗೆ ಹೋಗಲಿಲ್ಲ. ಹೋಗಿದ್ದರೆ, ಅಸಲು ಪದಕವನ್ನು ಹುಣಸೆಹುಳಿಯಲ್ಲಿ ತೊಳೆದ ದಡ್ಡ ನಾನೇ ಎಂದು ಎಲ್ಲರೆದುರು ಒಪ್ಪಬೇಕಿತ್ತು.

"ಹೊಸದು" ಎಂದೆ.

"ಆಚಾರ್ರೆ, ಸರಿಯಾಗಿ ನೋಡಿ. ಪಿನ್ನು ಹಾಕಿದ್ದು ನೀವೇ ಅಲ್ವಾ?"

"ಅದು ಬೇರೆ ಇರಬಹುದು ಬಾಯಮ್ಮ. ದಿನಾ ಎಷ್ಟೋ ಬರ್ತದೆ."

ಬಾಯಮ್ಮ ನನ್ನನ್ನು ನೋಡಿದರು, ಅಷ್ಟೆ. ಮಗಳು ಅವರನ್ನು ಕೆಲಸಕ್ಕೆ ಕಳಿಸುತ್ತಿದ್ದ ಏಜೆನ್ಸಿಗೆ ದೂರು ಕೊಟ್ಟಳು. ರೋಗಿಯ ಸಾಮಾನು ಬದಲಾಯಿಸಿದ ನರ್ಸು ಎಂಬ ಮಾತು ಹೂರಾದ ಮೆಟ್ಟಿಲುಗಳಲ್ಲೆಲ್ಲ ಹತ್ತಿ ಇಳಿಯಿತು. ಯಾವ ಮನೆಯವರೂ ಅವರನ್ನು ಕರೆಯದಾದರು. ವೀಸಾ ಮುಗಿದಾಗ ಊರಿಗೆ ಹೋದರು.

ಅಂದಿನಿಂದ ನಾನೊಂದು ಬಕಲನ್ನೂ ಹಳತು ಮಾಡಿಲ್ಲ. ಮಾಲೀಕರು ಅಜ್ಜನ ಕಥೆ ತೆಗೆದ ಕೂಡಲೇ ಹಿಂದಿನ ಕೋಣೆಯಿಂದ ಬಂದು, ಅದು ಹೋದ ತಿಂಗಳ ಪಾರ್ಸಲಿನದು ಎನ್ನುತ್ತೇನೆ.

"ಎಂತ ಆಚಾರ್ರೆ, ನನ್ನ ಅಂಗಡಿ ಮುಚ್ಚಿಸ್ಲಿಕ್ಕೆ ಕೂತದ್ದಾ ನೀವು? ನಾಳೆಯೇ ವೀಸಾ ಕ್ಯಾನ್ಸಲ್ ಮಾಡಿ ಕಳಿಸ್ತೇನೆ."

"ಕಳಿಸಿ ಮಾರಾಯ್ರೆ. ವಿಮಾನ ಹತ್ತುವವರೆಗೆ ಹೇಳ್ತಾನೇ ಇರ್ತೇನೆ."

ಕಳಿಸಿಲ್ಲ ಇನ್ನೂ. ಕಳಿಸಿದರೂ ನಾನು ಬಾಯಿ ಮುಚ್ಚುವವನಲ್ಲ. ಆ ಜರ್ಮನ್ ಮಗಳ ವಿಳಾಸ ಹುಡುಕಿ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದು ತಪ್ಪಾಯಿತು ಎಂದೆ. ಏಜೆನ್ಸಿಗೆ ಹೋಗಿ ಅವರೆದುರೂ ಹೇಳಿದೆ, ಬೈಸಿಕೊಂಡೆ. ಮೋಸಹೋದ ಗಿರಾಕಿಗಳಲ್ಲಿ ಸಿಕ್ಕವರನ್ನೆಲ್ಲ ಕ್ಷಮೆ ಕೇಳಿದ್ದೇನೆ. ಅದಕ್ಕೆಲ್ಲ ಎದೆ ಇತ್ತು ನನಗೆ. ಊರಿನ ಒಂದು ನಂಬರು ಮಾತ್ರ ಫೋನಿನಲ್ಲಿ ಹಾಗೇ ಇದೆ, ಒತ್ತಿಲ್ಲ. ನಾನು ಕ್ಷಮೆ ಕೇಳದೆ ಉಳಿಸಿಕೊಂಡದ್ದು ನನ್ನ ಮಾತನ್ನು ನಂಬಿ ಅಂಗಡಿಗೆ ಬಂದವರನ್ನು, ನಮ್ಮ ಬಾಯಮ್ಮನನ್ನು.