ಗೋಡೆ ಬಿಟ್ಟು ಬಂದ ಬೆನ್ನು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕಣಕಟ್ಟೆಯ ನಮ್ಮ ಮನೆಯಲ್ಲಿ ಯಾರಾದರೂ ‘ಅಲ್ಲೇನೋ ಕಂಡಿತು’ ಎಂದರೆ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು ಎಂದು ಕೇಳುತ್ತಿದ್ದವಳು ನಾನು. ದಿನವೂ ತಾರೀಖು ಹಾಕಿ ಬರೆದಿಡುವ ಚಾಳಿ ಬೇರೆ. ಈಗ ನಾನೇ ಹೇಳಹೊರಟಾಗ ನೀವು ನಂಬದಿದ್ದರೆ ಬೇಸರವಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದರೆ ಮಾತ್ರ ಒಪ್ಪುವುದಿಲ್ಲ.

ತೊಂಬತ್ತರ ದಶಕದ ಕೊನೆ. ಹಳೇಬೀಡಿನಲ್ಲಿ ಸಿದ್ದೇಗೌಡರ ತೆಂಗಿನ ತೋಟದಲ್ಲಿ ಶಿಲ್ಪ ಶಿಬಿರ ನಡೆದಿತ್ತು. ಅರಸೀಕೆರೆಯಲ್ಲಿ ಕಾಲೇಜು ಓದುತ್ತಿದ್ದ ನನಗೆ ಅಲ್ಲಿ ಕಲ್ಲು, ಉಳಿ, ಊಟಗಳ ಲೆಕ್ಕ ಬರೆಯುವ ಕೆಲಸ. ಕೊರಿಯಾದಿಂದ ಬಂದಿದ್ದ ಶಿಲ್ಪಿಯ ಇಂಗ್ಲಿಷನ್ನು ತಿಳಿದಷ್ಟು ಕನ್ನಡಕ್ಕೆ ತಿರುಗಿಸುವುದೂ ನನ್ನ ಪಾಲಿಗೆ ಬಂತು. ಅವರು ಐವತ್ತು ದಾಟಿದ ಹೆಂಗಸು. ಸೂನಾ ಮೇಡಂ ಎನ್ನುತ್ತಿದ್ದೆವು.

ಅವರ ಆಲ್ಬಮ್ಮಿನಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ತುಕ್ಕು ಹಿಡಿದ ಸರಳು ಹೆಣೆದ ಮಂಚ, ಕುದುರೆ ಕೂದಲಿನ ಪರದೆ, ಅಮೃತಶಿಲೆಯಲ್ಲಿ ಕೆತ್ತಿದ ಒದ್ದೆ ಬಟ್ಟೆ, ಸುಟ್ಟ ಮರದ ದೊಡ್ಡ ದೊಡ್ಡ ಮೊಟ್ಟೆಗಳು. ಕಲ್ಲಿನ ಮೇಸ್ತ್ರಿ ಚಂದ್ರಣ್ಣ ಪುಟ ತಿರುವಿ, “ಇದೇನವ್ವ, ಒಬ್ರು ಮಾಡಿದ್ದಾ, ಊರೋರೆಲ್ಲ ಸೇರಿ ಮಾಡಿದ್ದಾ?” ಎಂದು ನಕ್ಕ. ಮೇಡಂ ಕೂಡ ನಕ್ಕರು. “ನಾನು ಕೇಳುವುದು ಒಂದೇ, ಕಾಣದ ಕಡೆ ಏನಿದೆ ಅಂತ” ಎಂದರು. ಆಮೇಲೆ ನಾನು ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ನೋಡಿದೆ. ಮಂಚದ ಅಡಿ, ಪರದೆಯ ಆಚೆ, ಮೊಟ್ಟೆಯ ಒಳಗು. ಹೌದಲ್ಲ!

ಇಲ್ಲಿ ಅವರು ಬಳಪದ ಕಲ್ಲಿನಲ್ಲಿ ಕೆತ್ತಿದ್ದು ನರ್ತಕಿಯೊಬ್ಬಳ ಬೆನ್ನನ್ನು. ಆಳೆತ್ತರದ ಕಲ್ಲಿನ ಒಂದು ಬದಿಗೆ ಜಡೆ, ಬೆನ್ನಿನ ಬಾಗು, ಸೊಂಟದ ಡಾಬು. ಮುಖದ ಬದಿ ಬರೀ ಒರಟು ಬಂಡೆ. “ಗುಡಿ ಗೋಡೆಯಲ್ಲಿರುವವರಿಗೆಲ್ಲ ಮುಖವಿದೆ, ಬೆನ್ನಿಲ್ಲ. ಒಬ್ಬಳಿಗಾದರೂ ಕೊಟ್ಟೆ” ಎಂದರು.

ದೇವರಿಗೆ ಬೆನ್ನು ತೋರಿಸದೆ ಗುಡಿಯಿಂದ ಹಿಂದೆ ಹಿಂದೆ ನಡೆದು ಬರುವ ಜನ ನಾವು. ಹೆದರಿ ಓಡಿದವನಿಗೂ ‘ಬೆನ್ನು ತೋರಿಸಿದ’ ಎನ್ನುತ್ತೇವೆ. ಶಿಬಿರದ ಕೊನೆಯ ದಿನ, ರಸ್ತೆಗೆ ಬೆನ್ನು ಮಾಡಿ ನಿಂತ ಕಲ್ಲನ್ನು ಕಂಡು ಸಿದ್ದೇಗೌಡರು ಕೆರಳಿದರು.

“ಊರಿಗೆ ಬರೋರ್ಗೆಲ್ಲ ಬೆನ್ನು ತೋರುಸ್ಕಂಡು ನಿಂತವ್ಳಲ್ಲ! ತಿರುಗ್ಸಿ. ಇಲ್ಲಾ, ಒಡೆದು ಜಲ್ಲಿ ಮಾಡುಸ್ತೀನಿ.”

“ಕಲ್ಲು ಎಲ್ಲಿಗೆ ಓಡಿಹೋಗುತ್ತೆ ಗೌಡ್ರೇ?” ಎಂದೆ.

“ನೀನು ಲೆಕ್ಕ ಬರ್ಕಳವ್ವ.”

ಚೈನ್ ಪುಲ್ಲಿ ಕಟ್ಟಿ, ಹಾರೆ ಹಾಕಿ, ಆಳುಗಳೆಲ್ಲ ಸೇರಿ ಕಲ್ಲನ್ನು ತಿರುಗಿಸಿದರು. ಬೆನ್ನು ಪಂಪ್‌ಸೆಟ್ ಮನೆಯ ಗೋಡೆಯ ಕಡೆಗಾಯಿತು. “ಮತ್ತೆ ಗೋಡೆಗೇ ಸೇರಿಸಿದಿರಿ” ಎಂದಷ್ಟೇ ಮೇಡಂ ಹೇಳಿದರು. ಅದನ್ನು ಮಾತ್ರ ನಾನು ಕನ್ನಡದಲ್ಲಿ ಹೇಳಲಿಲ್ಲ. ಪುಲ್ಲಿ ಲಾರಿಯೇರಿ ಅರಸೀಕೆರೆಗೆ ಹೋಯಿತು. ಎಲ್ಲರೂ ಊಟಕ್ಕೆ ಕೂತರು. ಬಡಿಸುತ್ತಿದ್ದ ನಾನು ನಡುವೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ, ರಸ್ತೆಯ ಕಡೆಗಿದ್ದದ್ದು ಒರಟು ಬಂಡೆಯೇ. ಕಣ್ಣಾರೆ ನೋಡಿದ್ದೇನೆ. ಆಮೇಲೆ ಪಂಕ್ತಿಯಿಂದ ಯಾರೂ ಏಳಲಿಲ್ಲ.

ಎಲೆ ಎತ್ತಿ ಹೊರಗೆ ಬಂದರೆ, ಬಿಸಿಲಿನಲ್ಲಿ ರಸ್ತೆಯ ಕಡೆ ಬೆನ್ನು.

ಚಂದ್ರಣ್ಣ ಬಗ್ಗಿ ಬುಡ ನೋಡಿದ. ಮೊದಲ ಸಲದ ಹಾರೆ ಗುರುತುಗಳಷ್ಟೇ ಇದ್ದವು. ಅವನ ನಗು ನಿಂತಿತ್ತು. ಸಿದ್ದೇಗೌಡರು ನನ್ನ ಕಡೆ ತಿರುಗಿದರು.

“ಊಟದ ಮಧ್ಯ ಹೊರಗೆ ಹೋಗಿದ್ದು ನೀನೊಬ್ಳೇ. ನೀನೇ ತಿರುಗ್ಸಿದ್ದು ಅಂತ ಒಪ್ಕೊ. ಮತ್ತೆ ಗೋಡೆ ಕಡೆಗೆ ಮಾಡಿ ಮುಗುಸ್ತೀವಿ.”

“ಒಂಟಿ ಹೆಂಗಸು ಹೆಂಗೆ ತಿರುಗ್ಸಾದು ಗೌಡ್ರೇ?” ಎಂದ ಚಂದ್ರಣ್ಣ.

“ಹೂಂ ಅನ್ನವ್ವ, ಸಾಕು.” ಅವರ ದನಿಯಲ್ಲಿ ಬೇಡಿಕೆ ಇತ್ತು.

ಹೂಂ ಎಂದರೆ ಎಲ್ಲರಿಗೂ ನೆಮ್ಮದಿ, ಕಲ್ಲು ಗೋಡೆಗೆ. ಅಲ್ಲ ಎಂದರೆ ಹೆದರಿ ಯಾರೂ ಅದನ್ನು ಮುಟ್ಟರು. ನಾನು ಅಲ್ಲ ಎಂದೆ. ಯಾರೂ ಮುಟ್ಟಲಿಲ್ಲ. ಮೇಡಂ ಹೊರಡುವಾಗ ನನ್ನ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಅವರೂ ನಂಬಿರಲಿಲ್ಲ!

ಹೇಗೋ ನಾನೇ ತಿರುಗಿಸಿ, ಕಲ್ಲು ಉಳಿಸಲೆಂದು ಸುಳ್ಳು ಹೇಳಿದೆ ಎಂದು ಇವತ್ತಿಗೂ ಎಲ್ಲರ ತೀರ್ಮಾನ. ನಿಜವೂ ಅನುಕೂಲವೂ ಒಂದೇ ಆಗಿಬಿಟ್ಟರೆ ನಾನೇನು ಮಾಡಲಿ? ದೆವ್ವ ಎನ್ನುವವರಿಗೂ ಭ್ರಮೆ ಎನ್ನುವವರಿಗೂ ನಾನು ತಲೆಯಾಡಿಸಿಲ್ಲ. ಹೇಗಾಯಿತೆಂದು ನನಗೆ ಗೊತ್ತಿಲ್ಲ.

ಮೊನ್ನೆ ಬೇಲೂರಿಗೆ ಹೋಗುವಾಗ ಹಳೇಬೀಡಿನಲ್ಲಿ ಇಳಿದಿದ್ದೆ. ಕಲ್ಲಿನ ಬೆನ್ನಿಗೆ ಯಾರೋ ಅರಿಸಿನ ಕುಂಕುಮ ಹಚ್ಚಿದ್ದರು. ಚಂದ್ರಣ್ಣ ಸಿಕ್ಕಿ, “ಗೌಡ್ರೂ ಹೋದ್ರು. ಈಗ್ಲಾದ್ರೂ ನಿಜ ಹೇಳವ್ವ” ಎಂದ.

“ನಾನಲ್ಲ ಕಣಣ್ಣ.”

ಅವನು ಕಣ್ಣು ಮಿಟುಕಿಸಿದ. ಬಸ್ಸು ಹಾರನ್ ಹೊಡೆಯುತ್ತಿತ್ತು. ಹತ್ತುವ ತನಕ ನಾನು ಅವನಿಗೆ ಬೆನ್ನು ತೋರಿಸಲಿಲ್ಲ.