ಟ್ಯಾಕ್ಸ್ ಅಂಕಲ್ ಮತ್ತು ಮಂಗಳವಾರದ ಮೆಂತ್ಯ ಸೊಪ್ಪು

ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಅಂಕಲ್ ಎಡಹುಬ್ಬು ಮೇಲೇರಿರುತ್ತಿತ್ತು. ಬಿಳಿ ಹುಬ್ಬು, ಅದರಲ್ಲಿ ಉದ್ದಕ್ಕೆ ಬೆಳೆದ ಒಂದೇ ಒಂದು ಕರಿ ಕೂದಲು. ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್ಕಿನ ಕನ್ನಡದವರಿಗೆಲ್ಲ ಅವರು ಟ್ಯಾಕ್ಸ್ ಅಂಕಲ್. ಧಾರವಾಡದ ಕಡೆಯವರು, ತಮ್ಮ ಬೇಸ್‌ಮೆಂಟಿನಲ್ಲಿ ಕೂತು ನಮ್ಮೆಲ್ಲರ ಟ್ಯಾಕ್ಸ್ ಫೈಲ್ ಮಾಡಿಕೊಡುತ್ತಿದ್ದರು. ಹೆಂಡತಿ ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವ ಮನುಷ್ಯ. ನನಗೂ ಅವರ ಮೇಲೆ ಅಷ್ಟೇ ಅನುಮಾನ. ಇಷ್ಟೊಂದು ಮನೆಗಳ ಗುಟ್ಟು ಬಲ್ಲವರು ಎಲ್ಲಾದರೂ ಬಾಯಿಬಿಡದೆ ಇರುತ್ತಾರೆಯೇ?

ಮಗಳಿಗೆ ಬಯಸಿದ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಫೀಸಿಗೆ ನೆರವಾಗುವ ಫೈನಾನ್ಶಿಯಲ್ ಏಡ್ ಸಿಗಲಿಲ್ಲ. ಏಡ್ ಇಲ್ಲದೆ ಕಳಿಸುವ ಶಕ್ತಿ ನಮಗಿರಲಿಲ್ಲ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಗೆಳತಿಯೊಬ್ಬಳು ನನಗೆ ಹೋಳಿಗೆ ಬಡಿಸುತ್ತ ಪಿಸುಗುಟ್ಟಿದಳು: "ಟ್ಯಾಕ್ಸಲ್ಲಿ ಅವಳನ್ನ ನಿಮ್ಮ ಖರ್ಚಲ್ಲಿರೋ ಡಿಪೆಂಡೆಂಟ್ ಅಂತ ತೋರಿಸ್ಲೇಬೇಡಿ. ಆಗ ಕಾಲೇಜಿನವರು ಅವಳೊಬ್ಬಳ ಇನ್‌ಕಮ್ ನೋಡಿ ಏಡ್ ಕೊಡ್ತಾರೆ."

ಮಾರನೆಯ ದಿನ ಅಂಕಲ್ ಮುಂದೆ ಅದನ್ನೇ ಒಪ್ಪಿಸಿದೆ. ಹುಬ್ಬು ಇನ್ನೂ ಮೇಲೆ ಹೋಯಿತು.

"ನೀವು ಟ್ಯಾಕ್ಸ್‌ನ್ಯಾಗ ಕೈಬಿಟ್ರ ಕಾಲೇಜಿನವರು ಆಕಿನ್ನ ಅಪ್ಪ-ಅವ್ವ ಇಲ್ಲದ ಪರದೇಶಿ ಅಂತಾರೇನು? ಅವರು ಕೇಳೋದು ವಯಸ್ಸು, ಮದುವಿ, ಇಂಥಾವು. ಅವರ ಲೆಕ್ಕದಾಗ ಆಕಿ ನಿಮ್ಮ ಮಗಳೇ. ನಿಮ್ಮ ಇನ್‌ಕಮ್ ನೋಡೇ ನೋಡ್ತಾರ. ಆಕಿ ಹೆಸರಿನ್ಯಾಗ ನಿಮಗ ಸಿಗೋ ಟ್ಯಾಕ್ಸ್ ಕ್ರೆಡಿಟ್, ಆ ರೊಕ್ಕ ಅಷ್ಟ ಹೋಗತೈತಿ."

ಇವರಿಗೇನೋ ಸೋಮಾರಿತನ ಅಂದುಕೊಂಡೆ. ಅದು ನನ್ನ ಮುಖದಲ್ಲಿ ಕಂಡಿರಬೇಕು.

"ನನ್ನನ್ನೂ ನಂಬಬ್ಯಾಡ್ರಿ. ಮಗಳ ಕಡಿಂದ ಏಡ್ ಆಫೀಸಿಗೆ ಫೋನ್ ಮಾಡಸ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಮಂಗಳವಾರ ನಡುಹಗಲಾಗ ನಿಮ್ಮ ಯಜಮಾನ್ರು ಇಂಡಿಯನ್ ಸ್ಟೋರಿನ್ಯಾಗ ಮೆಂತೆಪಲ್ಲೆ ಆರಿಸಿಕೋತ ನಿಂತಿದ್ರು. ದಾಡಿ ಬಿಟ್ಟಿದ್ರು. ನೌಕರಿ ಐತೋ ಇಲ್ಲೋ?"

ನನ್ನವರ ಬಾಸ್ಕಿಂಗ್ ರಿಡ್ಜ್ ಊರಿನ ಆಫೀಸಿನ ಕೆಲಸ ಸಂಕ್ರಾಂತಿಗೇ ಹೋಗಿತ್ತು. ಸಂಘದಲ್ಲಿ ಮಾನ ಹೋದೀತೆಂದು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಬೆಳಿಗ್ಗೆ ಕೊರಳಿಗೆ ಹಳೇ ಆಫೀಸಿನ ಬ್ಯಾಡ್ಜ್ ಹಾಕಿಕೊಂಡೇ ಕಾರು ಹತ್ತುತ್ತಿದ್ದರು.

"ನಮ್ಮನೆ ವಿಷಯ ನಿಮಗ್ಯಾಕೆ ಅಂಕಲ್?" ಎಂದು ಸಿಡುಕಿದೆ.

"ನನಗ್ಯಾಕ ಬೇಕ್ರಿ ತಂಗಿ, ಕಾಲೇಜಿಗೆ ಬೇಕು. ಅವರು ಹಳೇ ವರ್ಷದ ಸಂಬಳ ನೋಡಿ ಕುಂತಾರ. ನೌಕರಿ ಹೋಗೇತಿ ಅಂದ್ರ ತಿರುಗಿ ನೋಡಬಹುದು. ಮಗಳನ್ನ ಮುಚ್ಚಿಡಾಕ ಹೊಂಟೀರಿ. ಮುಚ್ಚಿಟ್ಟದ್ದನ್ನ ಮೊದ್ಲ ಹೇಳ್ರಿ."

ಅಂದು ಸಂಜೆ ಮಗಳಿಗೆ ಹೇಳಿದೆವು. "ವೈ ಡಿಡ್ ಯು ಹೈಡ್ ಇಟ್, ಅಪ್ಪಾ?" ಎಂದು ಅತ್ತಳು. ಮಾರನೆಯ ಬೆಳಿಗ್ಗೆ ತಾನೇ ಏಡ್ ಆಫೀಸಿಗೆ ಫೋನ್ ಮಾಡಿದಳು. ಡಿಪೆಂಡೆಂಟ್ ವಿಷಯದಲ್ಲಿ ಅವರು ಅಂಕಲ್ ಹೇಳಿದ್ದನ್ನೇ ಹೇಳಿದರು. ಕೆಲಸ ಹೋದದ್ದಕ್ಕೆ ಪುರಾವೆ ಕಳಿಸಿದ ಮೇಲೆ ಏಡ್ ಬಂತು. ಮಗಳು ಕಾಲೇಜಿಗೆ ಹೋದಳು.

ನನ್ನ ಅನುಮಾನ ಮಾತ್ರ ಹೋಗಲಿಲ್ಲ. ಸಂಘದಲ್ಲಿ ಯಾರಾದರೂ ನಕ್ಕರೆ, ಅಂಕಲ್ ಹೇಳಿಬಿಟ್ಟಿದ್ದಾರೆ ಎಂದೇ ಅನಿಸುತ್ತಿತ್ತು.

ಕಳೆದ ಚಳಿಗಾಲ ಅಂಕಲ್ ತೀರಿಕೊಂಡರು. ಫ್ಯೂನರಲ್ ಹೋಮಿನಲ್ಲಿ ಮಲಗಿದ್ದ ಅವರ ಹುಬ್ಬು ಕೊನೆಗೂ ಇಳಿದಿತ್ತು. ಹೋಳಿಗೆ ಬಡಿಸಿದ್ದ ಗೆಳತಿ ಪಕ್ಕಕ್ಕೆ ಬಂದು ಕೂತಳು. "ನಿಮ್ಮವರಿಗೆ ಬಾಸ್ಕಿಂಗ್ ರಿಡ್ಜ್ ಆಫೀಸಿಂದ ರಜ ಸಿಕ್ತಾ?"

ಆ ಕೆಲಸ ಹೋಗಿ ಎರಡು ವರ್ಷವಾಗಿತ್ತು. ಅವಳಿಗೇ ಗೊತ್ತಿಲ್ಲವೆಂದರೆ ಊರಿಗೇ ಗೊತ್ತಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಆ ಕೆಲಸ ಯಾವತ್ತೋ ಹೋಯ್ತು ರೀ," ಎಂದೆ. "ಅಂಕಲ್‌ಗೆ ಗೊತ್ತಿತ್ತು."